ಎಣ್ಣೆ, ತುಪ್ಪ, ಮೀನು, ಅಗಸೆ: ಹೃದಯಕ್ಕಾಗಿ ಅಡುಗೆಮನೆಯಲ್ಲಿ ಏನನ್ನು ತೆಗೆದು ಏನನ್ನು ಇಡಬೇಕು

ಸೂರ್ಯಕಾಂತಿ ಎಣ್ಣೆ ವಿಷ ಎನ್ನುವ ವೀಡಿಯೊ ಬೆಳಿಗ್ಗೆ ಮೊಬೈಲಿಗೆ ಬಂದರೆ, ತುಪ್ಪ ಎಷ್ಟು ತಿಂದರೂ ಹೃದಯಕ್ಕೆ ಒಳ್ಳೆಯದೇ ಎನ್ನುವ ಸಂದೇಶ ಸಂಜೆಗೆ ಬರುತ್ತದೆ. ಎರಡನ್ನೂ ನಂಬಿ ಮನೆಯ ಎಣ್ಣೆ ಡಬ್ಬಿಯನ್ನು ತಿಂಗಳಿಗೊಮ್ಮೆ ಬದಲಾಯಿಸುತ್ತಿರುವ ಕುಟುಂಬಗಳು ಬಹಳ ಇವೆ. ಅವರಿಗೆ ಬೇಕಾಗಿರುವುದು ಇನ್ನೊಂದು ಪವಾಡದ ಎಣ್ಣೆಯಲ್ಲ, ತೀರ್ಮಾನ ಮಾಡುವ ದಾರಿ. ಯಾವ ಕೊಬ್ಬನ್ನೂ ಒಂಟಿಯಾಗಿ ಮುಂದಿಟ್ಟುಕೊಂಡು ಒಳ್ಳೆಯದು, ಕೆಟ್ಟದು ಎಂದು ತೀರ್ಪು ಕೊಡಲು ಬರುವುದಿಲ್ಲ. ಅದು ಯಾವುದರ ಬದಲಿಗೆ ತಟ್ಟೆಗೆ ಬಂತು, ಅದನ್ನು ತೆಗೆದರೆ ಆ ಜಾಗಕ್ಕೆ ಏನು ಬರುತ್ತದೆ ಎಂಬುದನ್ನು ಕೇಳಬೇಕು. ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಓದಿದಾಗ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ಮಾತು ಇದು. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ರಕ್ತನಾಳದೊಳಗೆ ಏನಾಗುತ್ತದೆ ಎಂದು ನೋಡೋಣ

ಹೃದಯದ ರಕ್ತನಾಳದಲ್ಲಿ ಕೊಬ್ಬು ಹೋಗಿ ಅಂಟಿಕೊಂಡು ದಾರಿ ಮುಚ್ಚುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನಡೆಯುವುದು ಅಷ್ಟು ಸರಳವಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ರಕ್ತನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಅವು ಆಕ್ಸಿಡೀಕರಣಗೊಳ್ಳುತ್ತವೆ. ದೇಹ ಇದನ್ನು ಗಾಯವೆಂದೇ ಪರಿಗಣಿಸಿ ಬಿಳಿ ರಕ್ತಕಣಗಳನ್ನು ಕಳುಹಿಸುತ್ತದೆ. ಅವು ಈ ಕಣಗಳನ್ನು ನುಂಗಿ ನುಂಗಿ ಕೊಬ್ಬು ತುಂಬಿದ ನೊರೆಯಂತಹ ಕೋಶಗಳಾಗಿ ಅಲ್ಲೇ ಉಳಿದುಬಿಡುತ್ತವೆ. ಹೀಗೆ ಗೋಡೆಯೊಳಗೆ ಒಂದು ಗಡ್ಡೆ ಬೆಳೆಯುತ್ತದೆ, ಅದರ ಮೇಲೆ ತೆಳುವಾದ ಹೊದಿಕೆ ಕಟ್ಟುತ್ತದೆ. ಉರಿಯೂತ ಹೆಚ್ಚಿದ್ದಷ್ಟೂ ಆ ಹೊದಿಕೆ ಸವೆಯುತ್ತದೆ. ಒಂದು ದಿನ ಅದು ಹರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೃದಯಾಘಾತಗಳಲ್ಲಿ ಹೆಚ್ಚಿನವು ಆಗುವುದು ಹೀಗೆ.

ಹಾಗಾಗಿ ಇಲ್ಲಿ ಎಲ್‌ಡಿಎಲ್ ಮತ್ತು ಉರಿಯೂತ ಎರಡೂ ಆರೋಪಿಗಳು. ಉರಿಯೂತಕ್ಕೆ ಸ್ವತಂತ್ರ ಪಾತ್ರವಿದೆ ಎಂಬುದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ದೊಡ್ಡ ಪ್ರಯೋಗದಿಂದ ಖಚಿತವಾಯಿತು. ಈಗಾಗಲೇ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರು ಅದರಲ್ಲಿದ್ದರು. ಅವರಲ್ಲಿ ಕೆಲವರಿಗೆ ಕೊಲೆಸ್ಟ್ರಾಲನ್ನು ಮುಟ್ಟದ, ಉರಿಯೂತವನ್ನಷ್ಟೇ ತಗ್ಗಿಸುವ ಔಷಧ ಕೊಟ್ಟರು. ಎಲ್‌ಡಿಎಲ್ ಇಳಿಯದಿದ್ದರೂ ಮರು ಆಘಾತಗಳು ಕಡಿಮೆಯಾದವು.

ಎಣ್ಣೆ, ತುಪ್ಪಗಳ ಕೊಬ್ಬಿನ ಮೂಲ ಘಟಕಗಳಾದ ಕೊಬ್ಬಿನಾಮ್ಲಗಳು ಈ ಎರಡು ದಾರಿಗಳಲ್ಲೂ ಕೈ ಹಾಕುತ್ತವೆ. ಯಕೃತ್ತು ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಎಷ್ಟು ಬೇಗ ತೆಗೆದುಹಾಕುತ್ತದೆ ಎಂಬುದನ್ನು ಬದಲಿಸುವುದು ಒಂದು ದಾರಿ. ಬೆಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು ಈ ಕೆಲಸವನ್ನು ನಿಧಾನಗೊಳಿಸುತ್ತದೆ, ಬೀಜದ ಎಣ್ಣೆಗಳಲ್ಲಿರುವ ಪಾಲಿ ಅನ್‌ಸ್ಯಾಚುರೇಟೆಡ್ ಕೊಬ್ಬು ಚುರುಕುಗೊಳಿಸುತ್ತದೆ. ಇನ್ನೊಂದು ದಾರಿ ಕೋಶದ ಪೊರೆಯದು. ನಾವು ತಿಂದ ಕೊಬ್ಬಿನಾಮ್ಲಗಳು ಕೋಶಗಳ ಪೊರೆಯಲ್ಲಿ ಹೋಗಿ ಕೂರುತ್ತವೆ. ಗಾಯ ಅಥವಾ ಸೋಂಕು ಆದಾಗ ಅಲ್ಲಿಂದ ಅರಾಕಿಡೋನಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬಿನಾಮ್ಲ ಬಿಡುಗಡೆಯಾಗಿ ಪ್ರೊಸ್ಟಗ್ಲಾಂಡಿನ್, ಥ್ರಾಂಬಾಕ್ಸೇನ್, ಲ್ಯೂಕೋಟ್ರೈಯೀನ್ ಎಂಬ ಸಂದೇಶವಾಹಕಗಳಾಗುತ್ತದೆ. ನೋವು, ಊತ, ಜ್ವರ, ರಕ್ತ ಹೆಪ್ಪುಗಟ್ಟುವಿಕೆ ಇವೆಲ್ಲ ಇವುಗಳ ಕೆಲಸ. ಹೃದಯರೋಗಿಗಳು ದಿನಾ ನುಂಗುವ ಸಣ್ಣ ಆಸ್ಪಿರಿನ್ ಮಾತ್ರೆ ತಡೆಯುವುದು ಇದೇ ಸರಪಳಿಯನ್ನು. ಅದನ್ನು ತೋರಿಸಿಕೊಟ್ಟ ಜಾನ್ ವೇನ್ 1982ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಪೊರೆಯಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಸಾಕಷ್ಟು ಇದ್ದರೆ ಈ ಸಂದೇಶವಾಹಕಗಳನ್ನು ತಯಾರಿಸುವ ಕಿಣ್ವಗಳಿಗೆ ಅವೂ ಸಿಗುತ್ತವೆ. ಅವುಗಳಿಂದ ಹುಟ್ಟುವ ಸಂದೇಶಗಳು ಮಂದವಾಗಿರುತ್ತವೆ. ಜೊತೆಗೆ ರಿಸಾಲ್ವಿನ್‌ಗಳೆಂಬ, ಉರಿಯೂತದ ಕೆಲಸ ಮುಗಿಯಿತು ಎಂದು ಹೇಳಿ ಅದನ್ನು ಕೊನೆಗೊಳಿಸುವ ವಸ್ತುಗಳೂ ಅವುಗಳಿಂದ ತಯಾರಾಗುತ್ತವೆ. ಉರಿಯೂತ ಶತ್ರುವಲ್ಲ. ಬೆರಳು ಕೊಯ್ದಾಗ ಅದು ಬೇಕು. ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಸಣ್ಣಗೆ ಉಳಿದುಕೊಳ್ಳುವ ಉರಿಯೂತವೇ ಅಪಾಯ.

ಇಲ್ಲಿಂದ ಬಹಳ ಜನ ಒಂದು ತಪ್ಪು ತೀರ್ಮಾನಕ್ಕೆ ಜಿಗಿಯುತ್ತಾರೆ: ಒಮೆಗಾ-6ನಿಂದ ಉರಿಯೂತ, ಆದ್ದರಿಂದ ಸೂರ್ಯಕಾಂತಿ, ಸೋಯಾ, ಕುಸುಬೆ ಎಣ್ಣೆಗಳೆಲ್ಲ ಬೇಡ. ಕೇಳಲು ತರ್ಕಬದ್ಧವಾಗಿದೆ, ಮನುಷ್ಯರಲ್ಲಿ ಅಳೆದಾಗ ನಿಲ್ಲುವುದಿಲ್ಲ. ಎಣ್ಣೆಯಲ್ಲಿರುವ ಒಮೆಗಾ-6 ಲಿನೋಲಿಯಿಕ್ ಆಮ್ಲ. ಅದನ್ನು ಹೆಚ್ಚಿಸಿದಾಗ ರಕ್ತದ ಅರಾಕಿಡೋನಿಕ್ ಆಮ್ಲ ಹೇಳಿಕೊಳ್ಳುವಷ್ಟು ಏರುವುದಿಲ್ಲ, ಉರಿಯೂತದ ಸೂಚಕಗಳೂ ಏರುವುದಿಲ್ಲ. ಆರೋಗ್ಯವಂತ ವಯಸ್ಕರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳು ಇದನ್ನು ತೋರಿಸಿವೆ. ಲಿನೋಲಿಯಿಕ್ ಆಮ್ಲ ಅರಾಕಿಡೋನಿಕ್ ಆಮ್ಲವಾಗುವ ಪರಿವರ್ತನೆಯನ್ನು ದೇಹ ಬಿಗಿಯಾಗಿ ಹಿಡಿದಿಟ್ಟುಕೊಂಡಿದೆ. ನಮ್ಮ ಊಟದ ನಿಜವಾದ ಕೊರತೆ ಒಮೆಗಾ-3ನದು. ಒಂದನ್ನು ಹೆದರಿ ಬಿಡುವುದಕ್ಕಿಂತ ಇನ್ನೊಂದನ್ನು ತರುವುದು ಉಪಯುಕ್ತ.

ಹೆಜ್ಜೆ ಒಂದು: ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ, ಅಳೆಯಿರಿ

ಯಾವ ಎಣ್ಣೆ ಎಂಬ ಪ್ರಶ್ನೆಗೆ ಮೊದಲು ಎಷ್ಟು ಎಣ್ಣೆ ಎಂಬುದು ಗೊತ್ತಿರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಎಣ್ಣೆ ಮತ್ತು ತುಪ್ಪ ಸೇರಿ ಸುಮಾರು 27 ಗ್ರಾಂ ಎಂದಿದೆ. ತಿಂಗಳಿಗೆ ಲೆಕ್ಕ ಹಾಕಿದರೆ 810 ಗ್ರಾಂ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಅಳತೆಯಲ್ಲಿ ಅದು ಸುಮಾರು 890 ಮಿಲಿಲೀಟರ್. ನಾಲ್ಕು ಜನರ ಮನೆಗೆ ಮೂರೂವರೆ ಲೀಟರಿನ ಆಸುಪಾಸು. ಇದರಲ್ಲಿ ತುಪ್ಪ, ಬೆಣ್ಣೆ, ಹೋಟೆಲಿನ ದೋಸೆ, ಸಂಜೆಯ ಬಜ್ಜಿ ಎಲ್ಲವೂ ಸೇರಿದೆ.

ಮಾಡಬೇಕಾದದ್ದು ಸುಲಭ. ತಿಂಗಳ ಮೊದಲ ದಿನ ಮನೆಯಲ್ಲಿರುವ ಎಣ್ಣೆಯನ್ನು ಬರೆದಿಡಿ, ತಂದದ್ದನ್ನೆಲ್ಲ ಸೇರಿಸಿ, ಕೊನೆಯ ದಿನ ಉಳಿದದ್ದನ್ನು ಕಳೆಯಿರಿ. ಐದು ಲೀಟರ್ ಡಬ್ಬಿ ತಿಂಗಳಿಗೆ ಸಾಲದು ಎನ್ನುವ ನಾಲ್ವರ ಮನೆಯಲ್ಲಿ ಎಣ್ಣೆಯ ಜಾತಿ ಬದಲಿಸಿ ಪ್ರಯೋಜನವಿಲ್ಲ, ಮೊದಲು ಪ್ರಮಾಣ ಇಳಿಯಬೇಕು. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೇ ಸಾಕಷ್ಟು ಉಳಿಯುತ್ತದೆ. ಒಂದು ಟೀ ಚಮಚ ಎಣ್ಣೆ ಎಂದರೆ ನಾಲ್ಕೂವರೆ ಗ್ರಾಂ. ಹಾಗಾದರೆ ಇಡೀ ದಿನಕ್ಕೆ ಒಬ್ಬರಿಗೆ ಆರು ಚಮಚ.

ಹೆಜ್ಜೆ ಎರಡು: ಟ್ರಾನ್ಸ್ ಕೊಬ್ಬನ್ನು ಪೂರ್ತಿ ಬಿಡಿ

ಇದರಲ್ಲಿ ಮಾತ್ರ ಚರ್ಚೆಗೆ ಜಾಗವಿಲ್ಲ. ದ್ರವರೂಪದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿನಾಮ್ಲಗಳು ಎಲ್‌ಡಿಎಲ್ ಏರಿಸುತ್ತವೆ, ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಸುತ್ತವೆ, ಉರಿಯೂತದ ಸೂಚಕಗಳನ್ನೂ ಹೆಚ್ಚಿಸುತ್ತವೆ. ದಿನದ ಕ್ಯಾಲೊರಿಯಲ್ಲಿ ಕೇವಲ ಶೇ. 2ರಷ್ಟು ಟ್ರಾನ್ಸ್ ಕೊಬ್ಬಿನಿಂದ ಬಂದರೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಶೇ. 23ರಷ್ಟು ಹೆಚ್ಚು ಎಂದು 2006ರ ಪ್ರಸಿದ್ಧ ವಿಮರ್ಶೆ ಲೆಕ್ಕ ಹಾಕಿತ್ತು. ಆ ಶೇ. 2 ಎಂದರೆ ನಾಲ್ಕೂವರೆ ಗ್ರಾಂಗಿಂತಲೂ ಕಡಿಮೆ, ಒಂದು ಟೀ ಚಮಚ.

ಡೆನ್ಮಾರ್ಕ್ 2003ರಲ್ಲೇ ಇದಕ್ಕೆ ಕಾನೂನಿನ ಮಿತಿ ಹಾಕಿತು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರುವಂತಿಲ್ಲ. ಇದು ದೊಡ್ಡ ಗೆಲುವು. ಹಾಗೆಂದು ಹೀಗೆ ಗಟ್ಟಿಗೊಳಿಸಿದ ಎಣ್ಣೆಯಾದ ವನಸ್ಪತಿ ನಿರಪಾಯವಾಯಿತು ಎಂದಲ್ಲ. ಟ್ರಾನ್ಸ್ ಹೋದ ಜಾಗಕ್ಕೆ ಹೆಚ್ಚಾಗಿ ತಾಳೆ ಎಣ್ಣೆಯ ಸ್ಯಾಚುರೇಟೆಡ್ ಕೊಬ್ಬು ಬಂದಿದೆ. ಬೇಕರಿಯ ಪಫ್, ಖಾರಾ ಬಿಸ್ಕತ್ತು, ಕ್ರೀಮ್ ಕೇಕುಗಳನ್ನು ಹಬ್ಬ ಹುಣ್ಣಿಮೆಗೆ ಇಟ್ಟುಕೊಳ್ಳಿ. ಪೊಟ್ಟಣದ ತಿಂಡಿಯ ಹಿಂಬದಿಯಲ್ಲಿ ಹೈಡ್ರೋಜನೀಕರಿಸಿದ ಕೊಬ್ಬು, ವನಸ್ಪತಿ, ಬೇಕರಿ ಶಾರ್ಟನಿಂಗ್ ಎಂಬ ಪದಗಳು ಪಟ್ಟಿಯ ಮೊದಲ ಮೂರರಲ್ಲಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇದೇ ಸಾಲಿಗೆ ಸೇರುತ್ತದೆ. ಪ್ರತಿ ಸಲ ಕಾದಾಗಲೂ ಎಣ್ಣೆ ಒಡೆದು ಪೋಲಾರ್ ಸಂಯುಕ್ತಗಳೆಂಬ ಕೆಟ್ಟ ಅಂಶಗಳು ಕೂಡುತ್ತಾ ಹೋಗುತ್ತವೆ. ಅವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ ಹೋಟೆಲು, ಬಜ್ಜಿ ಅಂಗಡಿಗಳಿಗೆ 2018ರ ಜುಲೈನಿಂದ ಇದೆ. ಮನೆಯಲ್ಲಿ ಹೀಗೆ ಮಾಡಿ: ಕರಿಯಲು ಸಣ್ಣ, ಆಳದ ಬಾಣಲೆ ಬಳಸಿದರೆ ಕಡಿಮೆ ಎಣ್ಣೆ ಸಾಕು. ಕರಿದಾದ ಮೇಲೆ ಆರಿಸಿ, ಸೋಸಿ, ಒಂದೆರಡು ದಿನಗಳೊಳಗೆ ಪಲ್ಯ ಸಾರುಗಳ ಒಗ್ಗರಣೆಗೆ ಮುಗಿಸಿ. ಇನ್ನೊಮ್ಮೆ ಕರಿಯಲು ಬೇಡ. ಹಳೆಯದರ ಮೇಲೆ ಹೊಸದನ್ನು ಸುರಿಯುವುದಂತೂ ಬೇಡವೇ ಬೇಡ. ಹೊಸ ಎಣ್ಣೆಯೂ ಅದರೊಂದಿಗೆ ಬೇಗ ಕೆಡುತ್ತದೆ.

ಹೆಜ್ಜೆ ಮೂರು: ಬಾಟಲಿಯ ಹಿಂಬದಿ ಓದುವುದು

ಮುಂಬದಿಯಲ್ಲಿ ಹೃದಯದ ಚಿತ್ರ, ಕೊಲೆಸ್ಟ್ರಾಲ್ ರಹಿತ ಎಂಬ ದೊಡ್ಡ ಅಕ್ಷರ ಇರುತ್ತದೆ. ಸಸ್ಯದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ಆದ್ದರಿಂದ ಆ ಮಾತು ನಿಮಗೆ ಏನನ್ನೂ ಹೇಳುವುದಿಲ್ಲ. ಬಾಟಲಿಯನ್ನು ತಿರುಗಿಸಿ. ಪ್ರತಿ 100 ಗ್ರಾಂ ಎಂಬ ಕಾಲಂನಲ್ಲಿ ಸ್ಯಾಚುರೇಟೆಡ್, ಮೊನೊ ಅನ್‌ಸ್ಯಾಚುರೇಟೆಡ್, ಪಾಲಿ ಅನ್‌ಸ್ಯಾಚುರೇಟೆಡ್, ಟ್ರಾನ್ಸ್ ಎಂದು ನಾಲ್ಕು ಸಂಖ್ಯೆಗಳಿರುತ್ತವೆ. ಅವು ಕೂಡಿದರೆ ಸುಮಾರು ನೂರಾಗಬೇಕು.

ನಮ್ಮ ಅಂಗಡಿಗಳಲ್ಲಿ ಸಿಗುವ ಎಣ್ಣೆಗಳ ಸ್ಥೂಲ ಗುಣ ಹೀಗಿದೆ. ಕೊಬ್ಬರಿ ಎಣ್ಣೆಯಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ ಶೇ. 60ರಿಂದ 65. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ, ಅದರ ತೆಳುವಾದ ಭಾಗವಾದ ಪಾಮೋಲಿನ್‌ನಲ್ಲಿ ಶೇ. 40ರ ಮೇಲೆ. ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಮೊನೊ, ಮೂರನೇ ಒಂದರಷ್ಟು ಪಾಲಿ, ಉಳಿದದ್ದು ಸ್ಯಾಚುರೇಟೆಡ್. ಎಳ್ಳೆಣ್ಣೆ ಮತ್ತು ಅಕ್ಕಿ ತೌಡಿನ ಎಣ್ಣೆಗಳಲ್ಲಿ ಮೊನೊ ಮತ್ತು ಪಾಲಿ ಹತ್ತಿರ ಹತ್ತಿರ ಸಮ. ಸೂರ್ಯಕಾಂತಿಯಲ್ಲಿ ಶೇ. 60ರಷ್ಟು, ಕುಸುಬೆಯಲ್ಲಿ ಶೇ. 75ರಷ್ಟು ಲಿನೋಲಿಯಿಕ್ ಆಮ್ಲ. ಇವುಗಳಲ್ಲಿ ಯಾವುದರಲ್ಲೂ ಒಮೆಗಾ-3 ಹೆಸರಿಗಷ್ಟೇ. ಸೋಯಾ ಎಣ್ಣೆಯಲ್ಲಿ ಶೇ. 7ರಷ್ಟು, ಸಾಸಿವೆ ಎಣ್ಣೆಯಲ್ಲಿ ಶೇ. 10ರಷ್ಟು ಇದೆ.

ಗಾಣದ ಎಣ್ಣೆಯ ಬಗ್ಗೆ ಒಂದು ಮಾತು. ಗಾಣದ ಕಡಲೆಕಾಯಿ ಎಣ್ಣೆಯ ಘಮ, ರುಚಿ ರಿಫೈನ್ಡ್ ಎಣ್ಣೆಗೆ ಬರುವುದಿಲ್ಲ, ಬೀಜದಲ್ಲಿನ ಕೆಲವು ಉಪಯುಕ್ತ ಅಂಶಗಳೂ ಅದರಲ್ಲಿ ಹೆಚ್ಚು ಉಳಿಯುತ್ತವೆ. ಆದರೆ ಕೊಬ್ಬಿನಾಮ್ಲಗಳ ಪ್ರಮಾಣ ಬದಲಾಗುವುದಿಲ್ಲ. ಗಾಣದ್ದಾದರೂ ಕೊಬ್ಬರಿ ಎಣ್ಣೆ ಕೊಬ್ಬರಿ ಎಣ್ಣೆಯೇ. ಗಾಣದ್ದು ಎಂಬ ಕಾರಣಕ್ಕೆ ಎರಡು ಸೌಟು ಹೆಚ್ಚು ಹಾಕುವ ಅಭ್ಯಾಸವನ್ನು ಮಾತ್ರ ಬಿಡಬೇಕು.

ನನ್ನ ಸಲಹೆ: ಮನೆಯಲ್ಲಿ ಎರಡು ಎಣ್ಣೆ ಇರಲಿ. ಒಂದು ಕಡಲೆಕಾಯಿ ಅಥವಾ ತೌಡಿನದು. ಒಗ್ಗರಣೆ, ಹುರಿಯುವುದು, ಅಪರೂಪಕ್ಕೆ ಕರಿಯುವುದು ಎಲ್ಲಕ್ಕೂ ಅದು ತಡೆಯುತ್ತದೆ. ಇನ್ನೊಂದು ಸೋಯಾ ಅಥವಾ ಸಾಸಿವೆಯದು. ಸಾಸಿವೆ ಎಣ್ಣೆಯ ಖಾರ ನಮ್ಮ ಸಾರು ಪಲ್ಯಗಳಿಗೆ ಹೊಂದುವುದಿಲ್ಲ, ಅತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲವೆಂಬ ಶಂಕೆಯಿರುವ ಎರೂಸಿಕ್ ಎಂಬ ಕೊಬ್ಬಿನಾಮ್ಲವೂ ಅದರಲ್ಲಿ ಹೆಚ್ಚು. ಅದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಉಪ್ಪಿನಕಾಯಿ, ಆಲೂಗೆಡ್ಡೆ ಪಲ್ಯಕ್ಕೆ ಒಗ್ಗುತ್ತದೆ. ಈಗಾಗಲೇ ಸೂರ್ಯಕಾಂತಿ ಎಣ್ಣೆ ಬಳಸುತ್ತಿರುವವರು ಅದನ್ನು ಚರಂಡಿಗೆ ಸುರಿಯಬೇಕಿಲ್ಲ. ಮುಂದಿನ ಬಾಟಲಿಯನ್ನು ಬೇರೆ ತನ್ನಿ, ಅಷ್ಟೇ.

ಹೆಜ್ಜೆ ನಾಲ್ಕು: ತುಪ್ಪ, ತೆಂಗು, ಹಾಲಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸ್ಯಾಚುರೇಟೆಡ್ ಕೊಬ್ಬು ದಿನದ ಕ್ಯಾಲೊರಿಯ ಶೇ. 10 ದಾಟಬಾರದು. 2000 ಕ್ಯಾಲೊರಿಗೆ ಅದು 22 ಗ್ರಾಂ. ಈಗ ಒಂದು ಸಾಮಾನ್ಯ ದಿನವನ್ನು ನೋಡಿ. ಶೇ. 6 ಕೊಬ್ಬಿನ ಗಟ್ಟಿ ಹಾಲು, ಕಾಫಿ ಮೊಸರು ಸೇರಿ 300 ಮಿಲಿಲೀಟರ್: ಅದರಲ್ಲಿ 18 ಗ್ರಾಂ ಕೊಬ್ಬು, ಸುಮಾರು 11 ಗ್ರಾಂ ಸ್ಯಾಚುರೇಟೆಡ್. ಅನ್ನಕ್ಕೂ ರೊಟ್ಟಿಗೂ ಎರಡು ಚಮಚ ತುಪ್ಪ: ಇನ್ನೂ 6 ಗ್ರಾಂ. ಅಡುಗೆಯ ನಾಲ್ಕು ಚಮಚ ಕಡಲೆಕಾಯಿ ಎಣ್ಣೆಯಿಂದ 3 ಗ್ರಾಂಗೂ ಹೆಚ್ಚು. ಕೂಡಿದರೆ 20 ದಾಟಿತು, ಚಟ್ನಿಯ ತೆಂಗಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇದೇ ಮನೆ ಶೇ. 3 ಕೊಬ್ಬಿನ ಟೋನ್ಡ್ ಹಾಲಿಗೆ ಬದಲಾದರೆ ಐದೂವರೆ ಗ್ರಾಂ ಉಳಿಯುತ್ತದೆ. ತುಪ್ಪ ಬಿಡುವ ಸಂಕಟವಿಲ್ಲದೆ ಮಿತಿಯೊಳಗೆ ಬರುವ ದಾರಿ ಹೆಚ್ಚಿನ ಮನೆಗಳಿಗೆ ಹಾಲಿನ ಪೊಟ್ಟಣದಲ್ಲೇ ಇದೆ.

ತೆಂಗಿನ ವಿಷಯ ನಮ್ಮ ಕರಾವಳಿ, ಮಲೆನಾಡಿನವರಿಗೆ ಮನಸ್ಸಿಗೆ ಹತ್ತಿರದ್ದು. ಕೊಬ್ಬರಿ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲ ಲಾರಿಕ್, ಅದು ಎಚ್‌ಡಿಎಲ್ ಕೂಡ ಏರಿಸುತ್ತದೆ ಎಂಬುದು ನಿಜ. ಆದರೆ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿದ 2020ರ ವಿಶ್ಲೇಷಣೆಯಲ್ಲಿ, ಇತರ ಸಸ್ಯಜನ್ಯ ಎಣ್ಣೆಗಳ ಬದಲು ಕೊಬ್ಬರಿ ಎಣ್ಣೆ ಬಳಸಿದಾಗ ಎಲ್‌ಡಿಎಲ್ ಸರಾಸರಿ ಡೆಸಿಲೀಟರಿಗೆ 10 ಮಿಲಿಗ್ರಾಂನಷ್ಟು ಮೇಲೇರಿತ್ತು. ಹೃದಯದ ತೊಂದರೆ ಇಲ್ಲದವರು ಗಸಿಗೆ, ಚಟ್ನಿಗೆ ಹಸಿ ತೆಂಗಿನಕಾಯಿ ತುರಿದು ಹಾಕಿಕೊಳ್ಳಲಿ, ಅದರಲ್ಲಿ ನಾರೂ ಇರುತ್ತದೆ. ಆದರೆ ತೆಂಗಿನಕಾಯಿ ಹಾಕಿದ ಅಡುಗೆಗೆ ಒಗ್ಗರಣೆಯೂ ಕೊಬ್ಬರಿ ಎಣ್ಣೆಯದೇ ಆಗಬೇಕಿಲ್ಲ. ಎಲ್‌ಡಿಎಲ್ ಈಗಾಗಲೇ ಹೆಚ್ಚಿರುವವರು ದಿನನಿತ್ಯದ ಎಣ್ಣೆಯನ್ನು ಬದಲಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಆ ಮೊದಲಿನ ಪ್ರಶ್ನೆ ಮತ್ತೆ ಬೇಕು. ತುಪ್ಪ ಬಿಟ್ಟು ಅದರ ಜಾಗಕ್ಕೆ ಇನ್ನೆರಡು ಸೌಟು ಬಿಳಿ ಅನ್ನ, ಬಿಸ್ಕತ್ತು, ಸಕ್ಕರೆ ಹೆಚ್ಚು ಹಾಕಿದ ಕಾಫಿ ಬಂದರೆ ಹೃದಯಕ್ಕೆ ಲಾಭವಿಲ್ಲ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ದಕ್ಷಿಣ ಏಷ್ಯಾದವರ ರಕ್ತಪರೀಕ್ಷೆಯಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಚಿತ್ರವೇ ಇದು. ಇಲ್ಲಿನವರಿಗೆ ಮೊದಲ ಹೃದಯಾಘಾತ ಬೇರೆ ಪ್ರದೇಶದವರಿಗಿಂತ ಕೆಲವು ವರ್ಷ ಮೊದಲೇ ಆಗುತ್ತದೆ ಎಂದು 2004ರ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಅದೇ ಸ್ಯಾಚುರೇಟೆಡ್ ಕೊಬ್ಬಿನ ಬದಲು ಪಾಲಿ ಅನ್‌ಸ್ಯಾಚುರೇಟೆಡ್ ಎಣ್ಣೆ ಬಂದ ಪ್ರಯೋಗಗಳಲ್ಲಿ ಹೃದ್ರೋಗ ಸುಮಾರು ಶೇ. 30ರಷ್ಟು ತಗ್ಗಿತ್ತು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿತು. ಸಂಜೆಯ ತಿಂಡಿಗೆ ಒಂದು ಹಿಡಿ ಕಡಲೆಕಾಯಿ ಬಂದರೂ ಅದೇ ದಿಕ್ಕು.

ಹೆಜ್ಜೆ ಐದು: ಸಸ್ಯಾಹಾರಿ ಮನೆಗೆ ಅಗಸೆ

ಸಸ್ಯಗಳಲ್ಲಿ ಸಿಗುವ ಒಮೆಗಾ-3 ಆಲ್ಫಾ ಲಿನೋಲೆನಿಕ್ ಆಮ್ಲ. ದಿನಕ್ಕೆ ಒಂದರಿಂದ ಎರಡು ಗ್ರಾಂ ಬೇಕು. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಗಳಷ್ಟನ್ನೇ ಬಳಸುವ ಸಸ್ಯಾಹಾರಿ ಮನೆಯಲ್ಲಿ ಸೊಪ್ಪು, ಕಾಳುಗಳಿಂದ ಬರುವ ಅಲ್ಪಸ್ವಲ್ಪ ಬಿಟ್ಟರೆ ಬೇರೆ ಮೂಲವೇ ಇಲ್ಲ. ಅಕ್ರೋಟ್‌ನಲ್ಲಿ ಧಾರಾಳ ಇದೆ, ಬೆಲೆಯೂ ಧಾರಾಳ. ನಮ್ಮ ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ತಲೆಮಾರುಗಳಿಂದ ಇರುವ ಅಗಸಿ ಹಿಂಡಿ ಇದಕ್ಕೆ ಅಗ್ಗದ, ರುಚಿಯಾದ ಉತ್ತರ. ಅಗಸೆಬೀಜದಲ್ಲಿ ಶೇ. 40ರಷ್ಟು ಎಣ್ಣೆ, ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ. ಹತ್ತು ಗ್ರಾಂ ಪುಡಿ, ಅಂದರೆ ಊಟದ ಚಮಚದಲ್ಲಿ ಒಂದೂವರೆ ಚಮಚದಷ್ಟು ತಿಂದರೆ ಎರಡು ಗ್ರಾಂ ಸಿಕ್ಕಿತು.

ಮೂರು ಎಚ್ಚರಿಕೆಗಳಿವೆ. ಇಡೀ ಬೀಜ ನುಂಗಿದರೆ ಅದರ ಗಟ್ಟಿ ಸಿಪ್ಪೆ ಒಡೆಯದೆ ಹಾಗೆಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಪುಡಿಯಾದ ಕ್ಷಣದಿಂದ ಗಾಳಿ ತಾಗಿ ಎಣ್ಣೆ ಕೆಡಲು ಶುರುವಾಗುತ್ತದೆ. ಅಗಸೆ ಎಣ್ಣೆಯನ್ನು ಹಿಂದಿನಿಂದಲೂ ಮರಕ್ಕೆ ಹಚ್ಚುವ ಬಣ್ಣ, ವಾರ್ನಿಶ್‌ಗಳಲ್ಲಿ ಬಳಸುವುದು ಇದೇ ಗುಣಕ್ಕಾಗಿ, ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಪುಡಿಯನ್ನು ಮೂಸಿದಾಗ ಹೊಸ ಬಣ್ಣದ ವಾಸನೆ ಬಂದರೆ, ನಾಲಿಗೆಗೆ ಕಹಿ ತಾಗಿದರೆ, ಎಸೆಯಿರಿ. ಮೂರನೆಯದು, ಅಗಸೆ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ, ಕರಿಯಬೇಡಿ.

ಮಾಡುವ ಬಗೆ: ಒಂದು ಬಟ್ಟಲು ಅಗಸೆಯನ್ನು ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲಿಗೆ ಸುಮ್ಮನಿರುವ ಬೀಜ ಸ್ವಲ್ಪ ಹೊತ್ತಿಗೆ ಚಟಪಟ ಸಿಡಿಯಲು ತೊಡಗುತ್ತದೆ, ಎಳ್ಳು ಹುರಿದಾಗಿನ ಹಾಗೆ ಘಮ ಬರುತ್ತದೆ. ಸಿಡಿತ ಜೋರಾದ ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯ ಬಿಸಿಯಲ್ಲೇ ಬಿಟ್ಟರೆ ಸೀಯುತ್ತದೆ. ಅದೇ ಬಾಣಲೆಯಲ್ಲಿ ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಒಂದು ಚಮಚ ಜೀರಿಗೆಯನ್ನು ಗರಿಗರಿಯಾಗುವ ತನಕ ಬೆಚ್ಚಗೆ ಮಾಡಿ. ಎಲ್ಲವೂ ಪೂರ್ತಿ ಆರಿದ ಮೇಲೆ ಮೊದಲು ಮೆಣಸಿನಕಾಯಿ, ಉಪ್ಪು, ಸಣ್ಣ ಹುಣಸೆ ಚೂರು, ಚೂರು ಬೆಲ್ಲವನ್ನು ಪುಡಿ ಮಾಡಿ. ಅಗಸೆಯನ್ನೂ ಏಳೆಂಟು ಬೆಳ್ಳುಳ್ಳಿ ಎಸಳನ್ನೂ ಕೊನೆಗೆ ಸೇರಿಸಿ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು; ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ತರಿತರಿಯಾಗಿದ್ದರೆ ಸಾಕು. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ, ಎರಡು ಮೂರು ವಾರಕ್ಕೆ ಆಗುವಷ್ಟೇ ಮಾಡಿ. ಜೋಳದ ರೊಟ್ಟಿಗೆ ಗಟ್ಟಿ ಮೊಸರಿನೊಂದಿಗೆ, ಬಿಸಿ ಅನ್ನಕ್ಕೆ, ದೋಸೆಗೆ ಹೊಂದುತ್ತದೆ. ರಕ್ತದೊತ್ತಡ ಇರುವವರು ಉಪ್ಪನ್ನು ಅರ್ಧಕ್ಕೆ ಇಳಿಸಿ, ಹುಳಿ ಸ್ವಲ್ಪ ಹೆಚ್ಚಿಸಿದರೆ ರುಚಿ ಕೆಡುವುದಿಲ್ಲ. ನಾರು ಹೆಚ್ಚಿರುವುದರಿಂದ ನೀರು ಚೆನ್ನಾಗಿ ಕುಡಿಯಿರಿ. ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೂ ಇದನ್ನು ತಿನ್ನುವುದಕ್ಕೂ ಸ್ವಲ್ಪ ಅಂತರವಿರಲಿ.

ಗುರೆಳ್ಳು ಹಿಂಡಿಯೂ ಇದೇ ಕೆಲಸ ಮಾಡುತ್ತದೆ ಎಂದು ಕೆಲವರು ಭಾವಿಸಿದ್ದಾರೆ. ಗುರೆಳ್ಳಿನ ಎಣ್ಣೆ ಬಹುಪಾಲು ಲಿನೋಲಿಯಿಕ್ ಆಮ್ಲ. ಒಳ್ಳೆಯ ತಿನಿಸೇ, ಆದರೆ ಒಮೆಗಾ-3ಗೆ ಬದಲಿಯಲ್ಲ.

ಅಗಸೆಯ ಮಿತಿಯನ್ನೂ ಹೇಳಬೇಕು. ನಮ್ಮ ದೇಹ ಆಲ್ಫಾ ಲಿನೋಲೆನಿಕ್ ಆಮ್ಲದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ. ಡಿಎಚ್‌ಎ ಇನ್ನೂ ಕಡಿಮೆ. ಉರಿಯೂತವನ್ನು ಶಮನಗೊಳಿಸುವ ಮುಖ್ಯ ಕೆಲಸ ಇವೆರಡರದ್ದು. ಹಾಗಾಗಿ ಅಗಸೆ ಅಗತ್ಯ, ಆದರೆ ಮೀನಿನ ಜಾಗವನ್ನು ಅದು ಪೂರ್ತಿ ತುಂಬುವುದಿಲ್ಲ.

ಹೆಜ್ಜೆ ಆರು: ಮೀನು ತಿನ್ನುವವರಿಗೆ

ಮೀನಿನ ಕೊಬ್ಬಿನ ಕಡೆ ವೈದ್ಯರ ಗಮನ ಹರಿದದ್ದು 1970ರ ದಶಕದಲ್ಲಿ, ಡೆನ್ಮಾರ್ಕಿನ ಸಂಶೋಧಕರಾದ ಬಾಂಗ್ ಮತ್ತು ಡೈಅರ್‌ಬರ್ಗ್, ಸಮುದ್ರದ ಆಹಾರವನ್ನೇ ಹೆಚ್ಚು ತಿನ್ನುವ ಗ್ರೀನ್‌ಲ್ಯಾಂಡಿನ ಮೂಲನಿವಾಸಿ ಇನ್ಯೂಟ್ ಜನರ ರಕ್ತವನ್ನು ಪರೀಕ್ಷಿಸಿದಾಗ. ಆ ಕೊಬ್ಬು ನಮಗೆ ಸಿಗಲು ನಾರ್ವೆಯ ಸಾಲ್ಮನ್ ಮೀನೇ ಬೇಕಿಲ್ಲ. ಮಂಗಳೂರು, ಮಲ್ಪೆ, ಕಾರವಾರದ ದಕ್ಕೆಗೆ ಬರುವ ಬೂತಾಯಿ ಮತ್ತು ಬಂಗುಡೆ ಇಪಿಎ, ಡಿಎಚ್‌ಎ ತುಂಬಿದ ಕೊಬ್ಬಿನ ಮೀನುಗಳು. ಬೂತಾಯಿಗೆ ಉತ್ತರ ಕನ್ನಡದಲ್ಲಿ ತಾರ್ಲೆ ಎನ್ನುತ್ತಾರೆ. ಇವುಗಳ ಕೊಬ್ಬು ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು, ಮಳೆ ಇಳಿದ ಮೇಲಿನ ತಿಂಗಳುಗಳಲ್ಲಿ ಬರುವ ಬೂತಾಯಿಯನ್ನು ಕಾವಲಿಯ ಮೇಲಿಟ್ಟರೆ ಅದರದೇ ಎಣ್ಣೆ ಜಿನುಗುವುದು ಕಣ್ಣಿಗೆ ಕಾಣುತ್ತದೆ.

ವಾರಕ್ಕೆ ಎರಡು ಸಲ, ಸಲಕ್ಕೆ ನೂರು ಗ್ರಾಂನಷ್ಟು ಸಾಕು. ಪುಳಿಮುಂಚಿ, ಗಸಿ, ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ್ದು ಇವೆಲ್ಲ ಒಳ್ಳೆಯ ವಿಧಾನಗಳು. ರವೆ ಹಚ್ಚಿ ಕಾವಲಿಯಲ್ಲಿ ಎರಡು ಚಮಚ ಎಣ್ಣೆಯಲ್ಲಿ ಹುರಿದರೂ ಅಡ್ಡಿಯಿಲ್ಲ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮಾತ್ರ ಮೀನಿನ ಕೊಬ್ಬು ಹೊರಬಂದು ಬಾಣಲೆಯ ಎಣ್ಣೆ ಒಳಹೋಗುತ್ತದೆ. ಅಮೆರಿಕದ ಹಿರಿಯರ ಮೇಲಿನ ಒಂದು ಅಧ್ಯಯನದಲ್ಲಿ ಬೇಯಿಸಿದ, ಸುಟ್ಟ ಮೀನು ತಿಂದವರಲ್ಲಿ ಕಂಡ ಲಾಭ ಕರಿದ ಮೀನು ತಿಂದವರಲ್ಲಿ ಕಾಣಲಿಲ್ಲ. ಗರ್ಭಿಣಿಯರಿಗೆ ದೊಡ್ಡ ಬೇಟೆ ಮೀನುಗಳಿಗಿಂತ ಈ ಸಣ್ಣ ಮೀನುಗಳೇ ಮೇಲು, ಇವುಗಳಲ್ಲಿ ಪಾದರಸ ಕಡಿಮೆ.

ಹೆಜ್ಜೆ ಏಳು: ಕ್ಯಾಪ್ಸೂಲ್ ಕೊಳ್ಳುವ ಮೊದಲು

ಔಷಧ ಅಂಗಡಿಯ 1000 ಮಿಲಿಗ್ರಾಂ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಮಾತ್ರ ಇರುತ್ತದೆ. ಉಳಿದದ್ದು ಬೇರೆ ಕೊಬ್ಬು. ಹೃದ್ರೋಗ ಇಲ್ಲದವರ ಮೇಲೆ ನಡೆದ ವೈಟಲ್ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಗ್ರಾಂ ಕ್ಯಾಪ್ಸೂಲಿನಿಂದ ಒಟ್ಟಾರೆ ಹೃದಯಾಘಾತ, ಪಾರ್ಶ್ವವಾಯುಗಳು ಗಣನೀಯವಾಗಿ ತಗ್ಗಲಿಲ್ಲ. ಅದೇ ವರ್ಷದ ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದ್ದ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅಪಾಯದ ಗುಂಪಿನವರಿಗೆ ಶುದ್ಧೀಕರಿಸಿದ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟಾಗ ಹೃದಯ ಸಂಬಂಧಿ ಘಟನೆಗಳು ಶೇ. 25ರಷ್ಟು ಇಳಿದವು. 2020ರಲ್ಲಿ ಇಪಿಎ, ಡಿಎಚ್‌ಎ ಎರಡೂ ಇದ್ದ ಔಷಧದ ಸ್ಟ್ರೆಂತ್ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚಿದ್ದು ಮಾತ್ರ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಆದ್ದರಿಂದ ವಾರಕ್ಕೆರಡು ಸಲ ಮೀನು ತಿನ್ನುವ ಆರೋಗ್ಯವಂತರಿಗೆ ಕ್ಯಾಪ್ಸೂಲಿನ ಅಗತ್ಯ ನನಗೆ ಕಾಣುವುದಿಲ್ಲ. ಟ್ರೈಗ್ಲಿಸರೈಡ್ ತೀರಾ ಹೆಚ್ಚಿರುವವರಿಗೆ ಅದು ಔಷಧ, ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಡಿತದ ತೊಂದರೆ ಇರುವವರು ಕೇಳದೆ ಶುರು ಮಾಡಬಾರದು. ಮೀನು ಮುಟ್ಟದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತದೆ. ಮೀನಿನ ಒಮೆಗಾ-3 ಕೂಡ ಮೂಲದಲ್ಲಿ ಪಾಚಿಯದ್ದೇ.

ಬದಲಾವಣೆ ಆಗಿದೆಯೇ ಎಂದು ತಿಳಿಯುವುದು ಹೇಗೆ

ಶುರು ಮಾಡುವ ಮೊದಲು ರಕ್ತದ ಕೊಬ್ಬನ್ನು ಅಳೆಯುವ ಲಿಪಿಡ್ ಪ್ರೊಫೈಲ್ ಪರೀಕ್ಷೆ ಮಾಡಿಸಿಕೊಳ್ಳಿ. ಆರರಿಂದ ಹನ್ನೆರಡು ವಾರ ಬಿಟ್ಟು ಮತ್ತೆ ಮಾಡಿಸಿದರೆ ಎಣ್ಣೆ, ಹಾಲು ಬದಲಿಸಿದ ಪರಿಣಾಮ ಎಲ್‌ಡಿಎಲ್‌ನಲ್ಲಿ ಕಾಣಬೇಕು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದರೆ ಸಿಗುವ ಸಂಖ್ಯೆಯನ್ನೂ ಬರೆದಿಡಿ. ಟ್ರೈಗ್ಲಿಸರೈಡ್ ಹೆಚ್ಚಿರುವ ನಮ್ಮವರಿಗೆ ಅದು ಎಲ್‌ಡಿಎಲ್‌ಗಿಂತಲೂ ಸ್ಪಷ್ಟವಾಗಿ ಅಪಾಯವನ್ನು ಹೇಳುತ್ತದೆ.

ಉರಿಯೂತ ಅಳೆಯಲು ಎಚ್‌ಎಸ್-ಸಿಆರ್‌ಪಿ ಎಂಬ ಪರೀಕ್ಷೆ ಇದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3ರ ಮೇಲಿದ್ದರೆ ಹೆಚ್ಚು. ನೆಗಡಿ, ಜ್ವರ, ಹಲ್ಲಿನ ಸೋಂಕು ಇರುವಾಗ ಮಾಡಿಸಿದರೆ ಅದು ಸುಮ್ಮನೆ ಏರಿರುತ್ತದೆ. 10 ದಾಟಿದ್ದರೆ ಎಲ್ಲೋ ಸೋಂಕಿದೆ ಎಂದೇ ಮೊದಲು ಅನುಮಾನಿಸಬೇಕು, ಎರಡು ವಾರ ಬಿಟ್ಟು ಮತ್ತೆ ನೋಡಬೇಕು. ಈ ಸಂಖ್ಯೆಯನ್ನು ಎಣ್ಣೆಯೊಂದೇ ಇಳಿಸುವುದಿಲ್ಲ. ಹೊಟ್ಟೆಯ ಬೊಜ್ಜು, ಬೀಡಿ ಸಿಗರೇಟು, ಹತೋಟಿ ತಪ್ಪಿದ ಮಧುಮೇಹ, ವಸಡಿನ ಕಾಯಿಲೆ ಇವೆಲ್ಲ ಅದನ್ನು ಏರಿಸುತ್ತವೆ. ಎಣ್ಣೆ ಬದಲಿಸಿಯೂ ಸಿಆರ್‌ಪಿ ಇಳಿಯದಿದ್ದರೆ ಮುಂದಿನ ಭೇಟಿ ದಂತವೈದ್ಯರದ್ದಾಗಲಿ. ವಸಡಿನಿಂದ ರಕ್ತ ಬರುವುದನ್ನು ನಮ್ಮಲ್ಲಿ ಯಾರೂ ಕಾಯಿಲೆಯೆಂದೇ ಎಣಿಸುವುದಿಲ್ಲ.

ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ಅಗಸೆ, ಮೀನು ಶುರು ಮಾಡಿದೆವೆಂದು ಮಾತ್ರೆ ನಿಲ್ಲಿಸಬೇಡಿ. ಎರಡನೆಯ ಪರೀಕ್ಷೆಯ ಫಲಿತಾಂಶವನ್ನು, ಮನೆಯ ತಿಂಗಳ ಎಣ್ಣೆಯ ಲೆಕ್ಕವನ್ನೂ ಜೊತೆಗೆ ಹಿಡಿದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣ ಇಳಿಸುವುದೋ ಬೇಡವೋ ಎಂದು ಅವರು ತೀರ್ಮಾನಿಸಲು ಆ ಎರಡೂ ಕಾಗದ ಬೇಕಾಗುತ್ತವೆ.